ಇಂಗ್ಲಿಷ್ ವಿಭಾಗದಲ್ಲಿ ಪತ್ತೆಯಾದ ಸಂಜ್ಞಾ ಭಾಷೆ: ಗ್ಯಾಲಡೆಟ್ ಕಾಲೇಜಿನ ಒಂದು ಪ್ರಕರಣ ಅಧ್ಯಯನ

ಅಮೆರಿಕದ ವಾಷಿಂಗ್ಟನ್ ನಗರದಲ್ಲಿರುವ ಗ್ಯಾಲಡೆಟ್ ಕಿವುಡರಿಗಾಗಿಯೇ ಇರುವ ಉನ್ನತ ಶಿಕ್ಷಣ ಸಂಸ್ಥೆ. 1955ರಲ್ಲಿ ಅಲ್ಲಿನ ಇಂಗ್ಲಿಷ್ ವಿಭಾಗದ ಮುಖ್ಯಸ್ಥರಾಗಿ ಬಂದ ವಿಲಿಯಂ ಸ್ಟೋಕಿ ಅವರಿಗೆ ಕಿವುಡರ ಶಿಕ್ಷಣದ ಗಂಧಗಾಳಿಯೂ ಇರಲಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1946ರಲ್ಲಿ ಪಿಎಚ್.ಡಿ. ಮುಗಿಸಿ ನ್ಯೂಯಾರ್ಕ್ ರಾಜ್ಯದ ವೆಲ್ಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು ಅವರು. ಓದಿದ್ದು ಚಾಸರ್ ಕಾಲದ ಮಧ್ಯಕಾಲೀನ ಇಂಗ್ಲಿಷ್ ಸಾಹಿತ್ಯ. ಕಾರ್ನೆಲ್‌ನಲ್ಲಿ ಜೊತೆಗಿದ್ದ ಜಾರ್ಜ್ ಡೆಟ್‌ಮೋಲ್ಡ್ ಗ್ಯಾಲಡೆಟ್‌ಗೆ ಡೀನ್ ಆಗಿದ್ದರು, ಅವರೇ ಸ್ಟೋಕಿಯವರನ್ನು ಕರೆಸಿಕೊಂಡರು. ಕಾಲೇಜಿಗೆ ಆಗಿನ್ನೂ ಶೈಕ್ಷಣಿಕ ಮಾನ್ಯತೆ ಇರಲಿಲ್ಲ. ಅದು ಸಿಕ್ಕಿದ್ದು 1957ರಲ್ಲಿ. ಡೆಟ್‌ಮೋಲ್ಡ್‌ಗೆ ಬೇಕಾಗಿದ್ದದ್ದು ಉಳಿದ ಕಾಲೇಜುಗಳ ಮಟ್ಟಕ್ಕೆ ಪಾಠ ಮಾಡಬಲ್ಲ, ಪಿಎಚ್.ಡಿ. ಇರುವ ಅಧ್ಯಾಪಕರು.

ಹೀಗೆ ಬಂದ ಸಾಹಿತ್ಯದ ಮೇಷ್ಟ್ರು ಐದೇ ವರ್ಷದಲ್ಲಿ, ವಿದ್ಯಾರ್ಥಿಗಳು ಕೈಯಲ್ಲಿ ಆಡುತ್ತಿದ್ದದ್ದು ಸ್ವತಂತ್ರ ಭಾಷೆ ಎಂದು ಭಾಷಾವಿಜ್ಞಾನದ ಕ್ರಮದಲ್ಲಿ ಬರೆದು ಪ್ರಕಟಿಸಿದರು. ಹತ್ತು ವರ್ಷಕ್ಕೆ ಅದರ ನಿಘಂಟು ಬಂತು. ಆದರೆ ಅದೇ ಕಾಲೇಜಿನ ತರಗತಿಗಳಲ್ಲಿ ಪಾಠದ ರೀತಿ ಬದಲಾಗಲು ಇನ್ನೆಷ್ಟೋ ವರ್ಷ ಹಿಡಿಯಿತು. ಪತ್ತೆಯಾದದ್ದು ಬೇಗ, ಪಾಠಕ್ಕೆ ಇಳಿದದ್ದು ತಡವಾಗಿ. ಹೀಗೇಕಾಯಿತು ಎನ್ನುವುದು ಕಿವುಡ ವಿದ್ಯಾರ್ಥಿಗಳಿರುವ ಯಾವ ಕಾಲೇಜಿನ ಅಧ್ಯಾಪಕರಿಗೂ ಬೇಕಾದ ವಿಷಯ. ನಾವು ಈ ಪ್ರಕರಣವನ್ನು ಎತ್ತಿಕೊಂಡಿರುವುದು ಅದಕ್ಕಾಗಿ.

ಆಗ ಕಾಲೇಜು ಹೇಗಿತ್ತು

ಪದವಿ ನೀಡುವ ಅಧಿಕಾರ ಈ ಸಂಸ್ಥೆಗೆ ಬಂದದ್ದು 1864ರಲ್ಲಿ, ಅಬ್ರಹಾಂ ಲಿಂಕನ್ ಸಹಿಯೊಂದಿಗೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನವು ಶಾಲೆಗಳಲ್ಲಿ ಬಾಯಿಮಾತಿನ ಪಾಠವೇ ಶ್ರೇಷ್ಠ, ಸಂಜ್ಞೆ ಬೇಡ ಎಂದು ನಿರ್ಣಯ ಮಾಡಿತು. ಅದರ ಬೆನ್ನಿಗೆ ಯುರೋಪ್ ಮತ್ತು ಅಮೆರಿಕದ ಬಹುಪಾಲು ಶಾಲೆಗಳು ಮಕ್ಕಳ ಕೈ ಕಟ್ಟಿಸಿ ತುಟಿ ನೋಡಿ ಕಲಿಯುವಂತೆ ಮಾಡಿದವು. ಆ ಸಮ್ಮೇಳನದಲ್ಲಿ ನಿರ್ಣಯವನ್ನು ವಿರೋಧಿಸಿದ ಕೆಲವರಲ್ಲಿ ಈ ಕಾಲೇಜಿನ ಆಗಿನ ಅಧ್ಯಕ್ಷ ಎಡ್ವರ್ಡ್ ಮೈನರ್ ಗ್ಯಾಲಡೆಟ್ ಒಬ್ಬರು. ಹಾಗಾಗಿ ಕಾಲೇಜಿನಲ್ಲಿ ಸಂಜ್ಞೆ ಉಳಿಯಿತು, ಆದರೆ ಭಾಷೆಯೆಂಬ ಮನ್ನಣೆ ಮಾತ್ರ ಸಿಗಲಿಲ್ಲ. ಅದು ಹರಕುಮುರುಕು ಇಂಗ್ಲಿಷ್, ಹೆಚ್ಚೆಂದರೆ ಚಿತ್ರ ಬಿಡಿಸಿದಂಥ ಅಭಿನಯ ಎಂಬುದೇ ಎಲ್ಲರ ನಂಬಿಕೆ. ಸಂಜ್ಞೆಯಲ್ಲೇ ಬೆಳೆದ ಅನೇಕ ಕಿವುಡ ಅಧ್ಯಾಪಕರೂ ಹಾಗೆಯೇ ತಿಳಿದಿದ್ದರು. ಬಾಲ್ಯದಿಂದ ಶಾಲೆ ಹೇಳಿಕೊಟ್ಟದ್ದೂ ಅದನ್ನೇ.

ಇನ್ನೊಂದು ಸಂಗತಿ ಇಲ್ಲಿ ಮುಖ್ಯ. 1891ರಲ್ಲಿ ಕಾಲೇಜು ಶಿಕ್ಷಕರ ತರಬೇತಿ ವಿಭಾಗವನ್ನು ಆರಂಭಿಸಿತು. ಪದವಿ ಮುಗಿಸಿದವರು ಕಿವುಡ ಮಕ್ಕಳಿಗೆ ಪಾಠ ಮಾಡುವುದನ್ನು ಕಲಿಯಲು ಸೇರುವ ಸ್ನಾತಕೋತ್ತರ ಹಂತದ ವಿಭಾಗ ಅದು. ಪ್ರವೇಶ ಮಾತ್ರ ಕಿವಿ ಕೇಳುವವರಿಗೆ. ಕಿವುಡ ಶಿಕ್ಷಕರನ್ನು ಸರ್ಕಾರದ ಹಣದಲ್ಲಿ ತಯಾರು ಮಾಡುವುದನ್ನು, ಬಾಯಿಮಾತಿನ ಪಾಠದ ಪರವಾಗಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಬಲವಾಗಿ ವಿರೋಧಿಸಿದ್ದರು. ಹೀಗಾಗಿ ಕಿವುಡರದೇ ಕಾಲೇಜಿನಲ್ಲಿ, ಕಿವುಡರಿಗೆ ಹೇಗೆ ಕಲಿಸಬೇಕು ಎಂಬ ಉನ್ನತ ವ್ಯಾಸಂಗಕ್ಕೆ ದಶಕಗಳ ಕಾಲ ಕಿವುಡರು ಹೊರಗಿನವರಾದರು. 1955ರ ಹೊತ್ತಿನ ನಂಬಿಕೆಗಳು ಇಷ್ಟು ಗಟ್ಟಿಯಾಗಿ ಬೇರೂರಿದ್ದಕ್ಕೆ ಮುಖ್ಯ ಕಾರಣ ಇದೇ ಎಂದು ನಮ್ಮ ತೀರ್ಮಾನ. ಶಾಸ್ತ್ರ ಬರೆಯುವವರಿಗೆ ಆ ಭಾಷೆ ಬರುತ್ತಿರಲಿಲ್ಲ, ಬರುತ್ತಿದ್ದವರಿಗೆ ಶಾಸ್ತ್ರ ಬರೆಯುವ ಅವಕಾಶ ಇರಲಿಲ್ಲ.

ತರಗತಿಯಲ್ಲಿ ಆಗುತ್ತಿದ್ದ ತೊಂದರೆ

ಹೊಸ ಅಧ್ಯಾಪಕರಿಗೆ ಸಂಜ್ಞೆಗಳನ್ನು ಪದಪಟ್ಟಿಯಾಗಿ ಹೇಳಿಕೊಡುತ್ತಿದ್ದರು, ಈ ಇಂಗ್ಲಿಷ್ ಪದಕ್ಕೆ ಈ ಸಂಜ್ಞೆ ಎಂದು. ಸಂಜ್ಞೆ ಇಲ್ಲದ ಪದವನ್ನು ಬೆರಳಕ್ಷರದಲ್ಲಿ ಒಂದೊಂದೇ ಅಕ್ಷರವಾಗಿ ತೋರಿಸಬೇಕು. ನಂತರ ಅವರು ತರಗತಿಗೆ ಹೋಗಿ ಬಾಯಲ್ಲಿ ಇಂಗ್ಲಿಷ್ ಹೇಳುತ್ತ, ಅದೇ ಕ್ರಮದಲ್ಲಿ ಕೈಯಾಡಿಸುತ್ತ ಪಾಠ ಮಾಡುವರು. ಸ್ಟೋಕಿ ಆರಂಭಿಸಿದ್ದೂ ಹೀಗೆಯೇ.

ಅವರ ಕಣ್ಣಿಗೆ ಬಿದ್ದದ್ದು ಒಂದು ವ್ಯತ್ಯಾಸ. ಅಧ್ಯಾಪಕರೊಂದಿಗೆ ಮಾತಾಡುವಾಗ ವಿದ್ಯಾರ್ಥಿಗಳ ಕೈ ಒಂದು ಬಗೆಯಲ್ಲಿ ಆಡುತ್ತಿತ್ತು, ತಮ್ಮತಮ್ಮಲ್ಲಿ ಮಾತಾಡುವಾಗ ಬೇರೆಯೇ ಬಗೆಯಲ್ಲಿ. ಎರಡನೆಯದರಲ್ಲಿ ವೇಗವಿತ್ತು, ಇಂಗ್ಲಿಷ್ ಪದಕ್ರಮ ಇರಲಿಲ್ಲ, ತಪ್ಪುತಡೆಗಳಿಲ್ಲದೆ ಸರಾಗವಾಗಿ ಹೋಗುತ್ತಿತ್ತು. ಹರಕು ಇಂಗ್ಲಿಷ್ ಎನ್ನುವುದಾದರೆ ಅಷ್ಟು ಜನ ಒಂದೇ ರೀತಿಯಲ್ಲಿ ‘ತಪ್ಪು’ ಮಾಡುವುದು ಹೇಗೆ? ತಪ್ಪಿನಲ್ಲಿ ನಿಯಮ ಕಂಡರೆ ಅದು ವ್ಯಾಕರಣ ಎಂದು ಹಳೆಯ ಇಂಗ್ಲಿಷ್ ಓದಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂದಿನ ಇಂಗ್ಲಿಷಿನ ಅಳತೆಗೋಲಿಗೆ ಸಿಗದ ಭಾಷೆಯನ್ನು ಅದರದೇ ನಿಯಮದಲ್ಲಿ ಓದುವುದು ಅವರ ಪಿಎಚ್.ಡಿ. ಕಾಲದ ದಿನನಿತ್ಯದ ಅಭ್ಯಾಸವಾಗಿತ್ತು. ಕಿವುಡರ ಶಿಕ್ಷಣದ ಪಠ್ಯಗಳನ್ನು ಓದಿ ಬಂದವರಿಗೆ ಕಾಣದ್ದು ಇವರಿಗೆ ಕಂಡದ್ದರಲ್ಲಿ ಈ ಅಭ್ಯಾಸದ ಪಾಲು ದೊಡ್ಡದು.

ಬಾಯಿ ಮತ್ತು ಕೈ ಒಟ್ಟಿಗೆ ಆಡಿಸುವ ಪಾಠ ಏಕೆ ಕೆಡುತ್ತದೆ ಎಂಬುದಕ್ಕೆ ಸರಿಯಾದ ಲೆಕ್ಕ ಸಿಕ್ಕಿದ್ದು 1972ರಲ್ಲಿ. ಭಾಷಾ ಸಂಶೋಧಕರಾದ ಉರ್ಸುಲಾ ಬೆಲುಜಿ ಮತ್ತು ಸೂಸನ್ ಫಿಷರ್ ಎರಡೂ ಭಾಷೆ ಬಲ್ಲವರಿಂದ ಒಂದೇ ಕಥೆಯನ್ನು ಬಾಯಲ್ಲೂ ಕೈಯಲ್ಲೂ ಹೇಳಿಸಿ ಅಳೆದರು. ಒಂದು ಸಂಜ್ಞೆಗೆ ಒಂದು ಮಾತಿನ ಪದಕ್ಕಿಂತ ಸುಮಾರು ಎರಡು ಪಟ್ಟು ಸಮಯ ಬೇಕು. ಹಾಗಿದ್ದರೂ ಒಂದು ಪೂರ್ಣ ಸಂಗತಿಯನ್ನು ಹೇಳಲು ಎರಡಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಸಂಜ್ಞಾ ಭಾಷೆ ದಿಕ್ಕು, ಜಾಗ, ಮುಖಭಾವಗಳನ್ನು ಒಂದೇ ಸಂಜ್ಞೆಯೊಳಗೆ ಸೇರಿಸಿಬಿಡುವುದರಿಂದ ಇದು ಸಾಧ್ಯ. ಅಧ್ಯಾಪಕರು ಮಾತಿನ ಪದಪದಕ್ಕೂ ಸಂಜ್ಞೆ ಹಾಕಲು ಹೋದರೆ ಕೈ ಹಿಂದೆ ಬೀಳುತ್ತದೆ. ಮಾತು ನಿಧಾನ ಮಾಡುತ್ತಾರೆ, ಅಥವಾ ಸಂಜ್ಞೆ ಬಿಡುತ್ತಾರೆ. ತಾವು ಹೇಳಿದ್ದು ತಮಗೆ ಕೇಳುತ್ತಿರುವುದರಿಂದ, ಬಿಟ್ಟದ್ದು ಅವರ ಗಮನಕ್ಕೇ ಬರುವುದಿಲ್ಲ.

ಕನ್ನಡದಲ್ಲಿ ಪಾಠ ಮಾಡುವವರಿಗೆ ಇದು ಇನ್ನೂ ಕಷ್ಟ. ‘ಅವಳು ಅವನಿಗೆ ಪುಸ್ತಕ ಕೊಟ್ಟಳು’ ಎಂದು ಬಾಯಲ್ಲಿ ಹೇಳುತ್ತ ಕೈ ಆಡಿಸಿ ನೋಡಿ. ಕೈಯಲ್ಲಿ ಬರುವುದು ‘ಆಕೆ, ಆತ, ಪುಸ್ತಕ, ಕೊಡು’ ಎಂಬ ನಾಲ್ಕು ಸಂಜ್ಞೆ. ‘ಇಗೆ’ ಎಂಬ ಪ್ರತ್ಯಯಕ್ಕೆ ಕೈಯಿಲ್ಲ, ‘ಅಳು’ ಎಂಬುದಕ್ಕೂ ಇಲ್ಲ. ಯಾರು ಯಾರಿಗೆ ಕೊಟ್ಟರು ಎಂಬುದೇ ಬಿದ್ದುಹೋಯಿತು. ಭಾರತೀಯ ಸಂಜ್ಞಾ ಭಾಷೆಯಲ್ಲಾದರೆ ಆಕೆಗೆ ಒಂದು ಬದಿಯಲ್ಲಿ, ಆತನಿಗೆ ಇನ್ನೊಂದು ಬದಿಯಲ್ಲಿ ಜಾಗ ಗೊತ್ತುಮಾಡಿ, ‘ಕೊಡು’ ಎಂಬ ಸಂಜ್ಞೆಯನ್ನು ಆಕೆಯ ಜಾಗದಿಂದ ಆತನ ಜಾಗಕ್ಕೆ ಒಯ್ದರೆ ಮುಗಿಯಿತು. ವಿಭಕ್ತಿಯ ಕೆಲಸವನ್ನು ಚಲನೆಯ ದಿಕ್ಕು ಮಾಡುತ್ತದೆ. ಕನ್ನಡದ ಪದಕ್ರಮಕ್ಕೆ ಅಂಟಿಕೊಂಡು ಕೈಯಾಡಿಸುವವರು ಈ ದಿಕ್ಕನ್ನು ಕೈಬಿಡುತ್ತಾರೆ, ಕನ್ನಡದ ಪ್ರತ್ಯಯವೂ ತಲುಪುವುದಿಲ್ಲ. ಎರಡು ಭಾಷೆಗಳ ವ್ಯಾಕರಣವೂ ಒಟ್ಟಿಗೇ ಕಳೆದುಹೋಗುತ್ತದೆ. ‘ಹೋಗಬೇಕಾಗಿತ್ತಂತೆ’ ಎಂಬಂಥ ಪದ ಬಂದಾಗಲಂತೂ ಕೈಗೆ ಉಳಿಯುವುದು ‘ಹೋಗು’ ಒಂದೇ.

ಸಂಜ್ಞೆಯನ್ನು ಬಿಡಿಸಿದ ಕ್ರಮ

1957ರ ಬೇಸಿಗೆಯಲ್ಲಿ ಸ್ಟೋಕಿ ನ್ಯೂಯಾರ್ಕ್ ರಾಜ್ಯದ ಬಫಲೋಗೆ ಹೋಗಿ ಜಾರ್ಜ್ ಟ್ರೇಗರ್ ಮತ್ತು ಹೆನ್ರಿ ಲೀ ಸ್ಮಿತ್ ಅವರಲ್ಲಿ ಭಾಷಾವಿಜ್ಞಾನ ಕಲಿತರು. ಆ ಕಾಲದ ಭಾಷಾವಿಜ್ಞಾನದ ಮುಖ್ಯ ಸಾಧನ ಸರಳವಾದದ್ದು: ಒಂದೇ ಒಂದು ಅಂಶ ಬದಲಾದರೆ ಅರ್ಥ ಬದಲಾಗುವ ಜೋಡಿಗಳನ್ನು ಹುಡುಕುವುದು. ಕನ್ನಡದಲ್ಲಿ ‘ಕಲೆ’ ಮತ್ತು ‘ಕಳೆ’. ಲ, ಳ ಎರಡು ಬೇರೆ ಧ್ವನಿಮಾಗಳು, ಅಂದರೆ ಅರ್ಥವನ್ನು ಬೇರ್ಪಡಿಸುವ ಧ್ವನಿಗಳು ಎಂದು ಇಷ್ಟರಿಂದಲೇ ತೀರ್ಮಾನವಾಗುತ್ತದೆ. ಇದನ್ನೇ ಕೈಗೆ ಅನ್ವಯಿಸಿದರೆ ಏನಾಗುತ್ತದೆ?

ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ ಐದು ಬೆರಳನ್ನೂ ಅಗಲಿಸಿ, ಹೆಬ್ಬೆರಳ ತುದಿಯನ್ನು ಹಣೆಗೆ ತಾಗಿಸಿದರೆ ‘ಅಪ್ಪ’. ಅದೇ ಕೈ, ಅದೇ ತಾಗಿಸುವಿಕೆ ಗದ್ದದ ಮೇಲಾದರೆ ‘ಅಮ್ಮ’. ಎದೆಗೆ ತಾಗಿಸಿದರೆ ‘ಚೆನ್ನಾಗಿದೆ’. ಇನ್ನೊಂದು ತ್ರಿವಳಿ: ತೋರುಬೆರಳನ್ನು ಚಾಚಿ ಅಡ್ಡಲಾಗಿ ಎಳೆಯುತ್ತ ಕೊಕ್ಕೆಯಂತೆ ಮಡಿಸಬೇಕು. ಹಣೆಯ ಮೇಲೆ ಎಳೆದರೆ ‘ಬೇಸಿಗೆ’, ಮೂಗಿನ ಕೆಳಗೆ ಎಳೆದರೆ ‘ಕುರೂಪ’, ಗದ್ದದ ಮೇಲೆ ಎಳೆದರೆ ‘ಒಣಗಿದ್ದು’. ಕೈಯ ಆಕಾರ ಬದಲಾಗಿಲ್ಲ, ಚಲನೆ ಬದಲಾಗಿಲ್ಲ, ಜಾಗ ಮಾತ್ರ ಬದಲಾಯಿತು. ಈ ಮೂರು ಅರ್ಥಗಳ ನಡುವೆ ಚಿತ್ರದ ಸಂಬಂಧ ಏನೂ ಇಲ್ಲ ಎನ್ನುವುದನ್ನೂ ಗಮನಿಸಬೇಕು. ಸಂಜ್ಞೆ ಎಂದರೆ ಗಾಳಿಯಲ್ಲಿ ಬಿಡಿಸಿದ ಚಿತ್ರ ಎಂಬ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

ಹೀಗೆ ಜೋಡಿ ಜೋಡಿಯಾಗಿ ಹೋಲಿಸಿ ಸ್ಟೋಕಿ ಪ್ರತಿ ಸಂಜ್ಞೆಯನ್ನೂ ಮೂರು ಅಂಶಗಳಾಗಿ ಬಿಡಿಸಿದರು: ಜಾಗ, ಕೈಯಾಕಾರ, ಚಲನೆ. ಅವರ ಪರಿಭಾಷೆಯಲ್ಲಿ ಟ್ಯಾಬ್, ಡೆಜ್, ಸಿಗ್. ನಿಘಂಟಿನ ಹೊತ್ತಿಗೆ ಲೆಕ್ಕ ಹೀಗೆ ನಿಂತಿತು.

ಜಾಗಗಳು 12: ಎದುರಿನ ಖಾಲಿ ಅವಕಾಶ, ಇಡೀ ಮುಖ, ಹಣೆ, ಕಣ್ಣು ಮೂಗಿನ ನಡುಮುಖ, ಗದ್ದ, ಕೆನ್ನೆ, ಕುತ್ತಿಗೆ, ಮುಂಡ, ಮೇಲ್ತೋಳು, ಮೊಣಕೈ ಸೇರಿದ ಮುಂದೋಳು, ಅಂಗೈ ಮೇಲಾದ ಮಣಿಕಟ್ಟು, ಅಂಗೈ ಕೆಳಗಾದ ಮಣಿಕಟ್ಟು.

ಕೈಯಾಕಾರಗಳು 19: ಇವಕ್ಕೆ ಬೆರಳಕ್ಷರ ಮತ್ತು ಅಂಕಿಗಳ ಹೆಸರನ್ನೇ ಇಟ್ಟರು. ಮುಷ್ಟಿಗೆ ಎ, ಚಪ್ಪಟೆ ಕೈಗೆ ಬಿ, ಅಗಲಿಸಿದ ಐದು ಬೆರಳಿಗೆ 5, ಕೊಕ್ಕೆ ಬೆರಳಿಗೆ ಎಕ್ಸ್, ಹೀಗೆ.

ಚಲನೆಗಳು 24: ಮೇಲೆ, ಕೆಳಗೆ, ಮೇಲೆಕೆಳಗೆ, ಬಲಕ್ಕೆ, ಎಡಕ್ಕೆ, ಅತ್ತಿತ್ತ, ಮೈಯ ಕಡೆಗೆ, ಮೈಯಿಂದ ಆಚೆಗೆ, ಹಿಂದೆಮುಂದೆ, ಮಣಿಕಟ್ಟಿನ ಮೂರು ತಿರುವು, ಬಾಗು, ತೆರೆ, ಮುಚ್ಚು, ಬೆರಳಾಡಿಸು, ಸುತ್ತು, ಮತ್ತೆ ಎರಡು ಕೈ ಹತ್ತಿರ ಬರುವ, ತಾಗುವ, ಕೊಂಡಿಯಾಗುವ, ದಾಟುವ, ಒಳಹೋಗುವ, ಬೇರೆಯಾಗುವ, ಜಾಗ ಬದಲಿಸುವ ಬಗೆಗಳು.

ಒಟ್ಟು 55 ಚಿಹ್ನೆ. ಇಷ್ಟರಲ್ಲಿ ಇಡೀ ಭಾಷೆಯ ಸಂಜ್ಞೆಗಳನ್ನು ಕಾಗದದ ಮೇಲೆ ಬರೆಯಬಹುದಾಯಿತು. ಬರೆಯುವ ಕ್ರಮ: ಮೊದಲು ಜಾಗದ ಚಿಹ್ನೆ, ಪಕ್ಕದಲ್ಲಿ ಕೈಯಾಕಾರ, ಅದರ ಮೇಲೆ ಬಲಕ್ಕೆ ಸಣ್ಣದಾಗಿ ಚಲನೆ. ‘ಅಮ್ಮ’ ಎಂಬುದಕ್ಕೆ ಗದ್ದದ ಚಿಹ್ನೆ, 5, ಮೇಲೆ ತಾಗುವಿಕೆಯ ಗುರುತು. ಇದರ ಮೊದಲ ರೂಪ 1960ರಲ್ಲಿ ಬಫಲೋ ವಿಶ್ವವಿದ್ಯಾಲಯದ ಭಾಷಾವಿಜ್ಞಾನ ಮಾಲಿಕೆಯ ಕಿರುಹೊತ್ತಗೆಯಾಗಿ ಹೊರಬಂತು.

ಇಬ್ಬರು ಕಿವುಡ ಅಧ್ಯಾಪಕರ ಪಾಲು

ಈ ಕಥೆಯನ್ನು ಸ್ಟೋಕಿ ಒಬ್ಬರ ಕಥೆಯಾಗಿ ಹೇಳುವ ರೂಢಿ ಇದೆ. ಅದು ಸರಿಯಲ್ಲ. 1965ರ ಅಮೆರಿಕನ್ ಸಂಜ್ಞಾ ಭಾಷೆಯ ನಿಘಂಟಿಗೆ ಮೂವರು ಕರ್ತೃಗಳು: ಸ್ಟೋಕಿ, ಡೊರೊತಿ ಕ್ಯಾಸ್ಟರ್‌ಲೈನ್, ಕಾರ್ಲ್ ಕ್ರೋನೆಬರ್ಗ್. ಕೊನೆಯ ಇಬ್ಬರೂ ಕಿವುಡರು, ಗ್ಯಾಲಡೆಟ್‌ನಲ್ಲೇ ಓದಿ ಅದೇ ಇಂಗ್ಲಿಷ್ ವಿಭಾಗದಲ್ಲಿ ಪಾಠ ಮಾಡುತ್ತಿದ್ದವರು. ಕ್ಯಾಸ್ಟರ್‌ಲೈನ್ ಹವಾಯಿಯ ಜಪಾನಿ ಮೂಲದ ಕುಟುಂಬದವರು, ಕ್ರೋನೆಬರ್ಗ್ ಸ್ವೀಡನ್ನಿನವರು.

ಸ್ಟೋಕಿಯವರ ಸಂಜ್ಞೆ ಕೊನೆಯವರೆಗೂ ಚುರುಕಾಗಲಿಲ್ಲ ಎಂದು ಅವರ ಜೊತೆಗಿದ್ದವರು ಹೇಳಿದ್ದಾರೆ. ಎರಡು ಸಂಜ್ಞೆಗಳ ನಡುವಿನ ಸಣ್ಣ ವ್ಯತ್ಯಾಸ ಅರ್ಥ ಬದಲಿಸುತ್ತದೆಯೋ, ಆಡುವವರ ಕೈಯ ವೈಯಕ್ತಿಕ ರೀತಿಯೋ ಎಂದು ತೀರ್ಮಾನಿಸಲು ಭಾಷೆ ರಕ್ತದಲ್ಲಿರಬೇಕು. ಕನ್ನಡ ಕಲಿಯುತ್ತಿರುವ ಹೊರಗಿನವರು ಲ–ಳ ವ್ಯತ್ಯಾಸವನ್ನು ತಾವಾಗಿ ಹಿಡಿಯಲಾರರು, ಅದನ್ನು ಹೇಳಬೇಕಾದವರು ನಾವು. ಆ ತೀರ್ಪು ಕೊಟ್ಟವರು, ಸಂಜ್ಞೆಗಳನ್ನು ಒಂದೊಂದಾಗಿ ಚಿಹ್ನೆಗೆ ಇಳಿಸುವ ದಣಿವಿನ ಕೆಲಸ ಹೊತ್ತವರು ಈ ಇಬ್ಬರು.

ಕ್ರೋನೆಬರ್ಗ್ ನಿಘಂಟಿನ ಕೊನೆಗೆ ಬರೆದ ಅನುಬಂಧಗಳು ನಮ್ಮ ಲೆಕ್ಕದಲ್ಲಿ ಮುಖ್ಯಪಠ್ಯದಷ್ಟೇ ತೂಕದವು. ಒಂದರಲ್ಲಿ ಕಿವುಡರನ್ನು ಕೊರತೆಯುಳ್ಳ ವ್ಯಕ್ತಿಗಳ ಗುಂಪಾಗಿ ನೋಡದೆ ಒಂದು ಭಾಷಾ ಸಮುದಾಯವಾಗಿ ವಿವರಿಸಿದರು. ಇನ್ನೊಂದು ಉಪಭಾಷೆಗಳ ಬಗ್ಗೆ. ಈಶಾನ್ಯದ ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ರಾಜ್ಯಗಳ ಸಂಜ್ಞೆಗಳನ್ನು ದಕ್ಷಿಣದ ನಾರ್ತ್ ಕೆರೊಲೈನಾ, ವರ್ಜೀನಿಯಾಗಳ ಸಂಜ್ಞೆಗಳೊಂದಿಗೆ ಹೋಲಿಸಿದರು. ದಕ್ಷಿಣದಲ್ಲಿ ಒಂದೇ ಊರಿನ ಕಪ್ಪು ಮತ್ತು ಬಿಳಿ ಕಿವುಡರ ಸಂಜ್ಞೆಗಳು ಬೇರೆ ಬೇರೆ ಎಂದು ಕಂಡುಬಂತು. ಕಾರಣ, ವರ್ಣಭೇದದಿಂದಾಗಿ ಅವರ ಶಾಲೆಗಳೇ ಬೇರೆ. ಸಂಜ್ಞಾ ಭಾಷೆ ಮನೆಯಿಂದ ಮನೆಗೆ ಹರಿಯುವುದಕ್ಕಿಂತ ವಸತಿಶಾಲೆಯಲ್ಲಿ ಮಗುವಿನಿಂದ ಮಗುವಿಗೆ ಹರಿಯುವುದೇ ಹೆಚ್ಚು. ಬಹುಪಾಲು ಕಿವುಡ ಮಕ್ಕಳ ತಂದೆತಾಯಿ ಕಿವಿ ಕೇಳುವವರು. ಹಾಗಾಗಿ ಶಾಲೆಯ ಗೋಡೆ ಎಲ್ಲಿದೆಯೋ ಉಪಭಾಷೆಯ ಗಡಿಯೂ ಅಲ್ಲೇ ಬೀಳುತ್ತದೆ.

ಸ್ಟೋಕಿಯವರಿಗೆ ಗ್ಯಾಲಡೆಟ್ ಗೌರವ ಡಾಕ್ಟರೇಟ್ ಕೊಟ್ಟದ್ದು 1988ರಲ್ಲಿ. ಕ್ಯಾಸ್ಟರ್‌ಲೈನ್ ಮತ್ತು ಕ್ರೋನೆಬರ್ಗ್ ಅವರಿಗೆ ಅದು ಸಿಕ್ಕಿದ್ದು 2022ರಲ್ಲಿ. ಕ್ರೋನೆಬರ್ಗ್ ಅದೇ ವರ್ಷ, ಕ್ಯಾಸ್ಟರ್‌ಲೈನ್ ಮರುವರ್ಷ ತೀರಿಕೊಂಡರು. ಇಷ್ಟು ತಡವಾಗಬಾರದಿತ್ತು.

ನಿಘಂಟಿನ ಜೋಡಣೆ, ಮತ್ತು ಅದರಲ್ಲಿ ತಪ್ಪಿದ್ದು

ಹಿಂದಿನ ಸಂಜ್ಞೆ ಪುಸ್ತಕಗಳೆಲ್ಲ ಇಂಗ್ಲಿಷ್ ಪದದಿಂದ ಹೊರಡುತ್ತಿದ್ದವು. ಪದ ಗೊತ್ತಿದ್ದರೆ ಸಂಜ್ಞೆ ಸಿಗುತ್ತದೆ. ಸಂಜ್ಞೆ ನೋಡಿ ಅದರ ಅರ್ಥ ಏನೆಂದು ಹುಡುಕಲು ದಾರಿಯೇ ಇಲ್ಲ. 1965ರ ನಿಘಂಟು ಇದನ್ನು ತಿರುಗಿಸಿತು. ನಮೂದುಗಳು ಜಾಗ, ಕೈಯಾಕಾರ, ಚಲನೆಗಳ ಚಿಹ್ನೆಯ ಕ್ರಮದಲ್ಲಿವೆ. ಇಂಗ್ಲಿಷ್ ಪದಗಳ ಸೂಚಿ ಹಿಂದೆ. ಅಂದರೆ ನಿಘಂಟಿನ ಯಜಮಾನಿಕೆ ಸಂಜ್ಞೆಯದ್ದು.

ಇದರಲ್ಲಿ ತಪ್ಪಿಹೋದ ಅಂಶಗಳೂ ಇವೆ. ಅವನ್ನು ತೋರಿಸಿದವರು ಬಹುತೇಕ ಸ್ಟೋಕಿಯವರ ಹಾದಿಯಲ್ಲೇ ಬಂದವರು.

ಅಂಗೈ ಯಾವ ಕಡೆಗಿದೆ ಎಂಬುದನ್ನು ನಿಘಂಟು ಒಂದು ಪೂರಕ ಗುರುತಿನಲ್ಲಿ ಮುಗಿಸಿತ್ತು. ಆದರೆ ಅಂಗೈ ಕೆಳಮುಖವಾಗಿ ಬದಿಗೆ ತಟ್ಟುತ್ತ ಹೋದರೆ ‘ಮಕ್ಕಳು’, ಅದೇ ಮೇಲ್ಮುಖವಾದರೆ ‘ವಸ್ತುಗಳು’. ಇಷ್ಟು ಅರ್ಥ ಹೊರುವ ಅಂಶಕ್ಕೆ ಸ್ವತಂತ್ರ ಸ್ಥಾನ ಬೇಕು ಎಂದು 1970ರ ದಶಕದಲ್ಲಿ ರಾಬಿನ್ ಬ್ಯಾಟಿಸನ್ ವಾದಿಸಿದರು. ಈಗ ಜಾಗ, ಆಕಾರ, ಚಲನೆಯ ಜೊತೆ ಅಂಗೈಯ ದಿಕ್ಕು ನಾಲ್ಕನೆಯ ಅಂಶ.

ಮುಖಭಾವ ಬಿಟ್ಟುಹೋಗಿತ್ತು. ಹುಬ್ಬು ಎತ್ತಿದರೆ ಹೌದು–ಅಲ್ಲ ಎಂಬ ಉತ್ತರದ ಪ್ರಶ್ನೆ, ಹುಬ್ಬು ಗಂಟಿಕ್ಕಿದರೆ ಯಾರು–ಏಕೆ ಎಂಬ ಪ್ರಶ್ನೆ, ತಲೆ ಅಲ್ಲಾಡಿಸಿದರೆ ನಿಷೇಧ. 55 ಚಿಹ್ನೆಗಳಲ್ಲಿ ಇವು ಯಾವುದಕ್ಕೂ ಜಾಗವಿಲ್ಲ. ಹಾಗಾಗಿ ನಿಘಂಟು ಪದಗಳನ್ನು ಹಿಡಿಯಿತು, ವಾಕ್ಯವನ್ನಲ್ಲ.

ನಾಮಪದ, ಕ್ರಿಯಾಪದಗಳ ನಡುವೆ ರೂಪದಲ್ಲಿ ವ್ಯತ್ಯಾಸವಿದೆ ಎಂಬುದು ತಪ್ಪಿತ್ತು. ‘ಕೂರು’ ಮತ್ತು ‘ಕುರ್ಚಿ’ ನೋಡಲು ಒಂದೇ. ಕ್ರಿಯೆಗೆ ಕೈ ಒಮ್ಮೆ ಇಳಿಯುತ್ತದೆ, ವಸ್ತುವಿಗೆ ಬಿಗಿಯಾಗಿ, ಚಿಕ್ಕದಾಗಿ ಎರಡು ಸಲ ತಟ್ಟುತ್ತದೆ. ಇದನ್ನು 1978ರಲ್ಲಿ ತೋರಿಸಿದವರು ಟೆಡ್ ಸುಪಲ್ಲಾ ಮತ್ತು ಎಲಿಸಾ ನ್ಯೂಪೋರ್ಟ್. ಸುಪಲ್ಲಾ ಸ್ವತಃ ಕಿವುಡರು. ಸಂಜ್ಞೆಯ ಅಂಶಗಳೆಲ್ಲ ಏಕಕಾಲಕ್ಕೆ ಆಗುತ್ತವೆ ಎಂಬ ಸ್ಟೋಕಿಯವರ ಮೂಲ ಕಲ್ಪನೆಯನ್ನೇ 1980ರ ದಶಕದಲ್ಲಿ ಸ್ಕಾಟ್ ಲಿಡಲ್ ತಿದ್ದಿದರು. ಸಂಜ್ಞೆಯೊಳಗೂ ಚಲನೆ, ತಂಗುವಿಕೆ ಎಂಬ ಹಿಂದುಮುಂದಿನ ಅನುಕ್ರಮ ಇದೆ.

ಇನ್ನು ಬಳಕೆಯ ಮಾತು. ಈ ಚಿಹ್ನೆಗಳ ಬರವಣಿಗೆ ತರಗತಿಯಲ್ಲಿ ಬಳಕೆಗೆ ಬರಲಿಲ್ಲ. ಕಲಿಯಲು ಅದು ಕಷ್ಟ. ಅದರ ಉಪಯೋಗ ಸಂಶೋಧಕರಿಗೆ ಸೀಮಿತವಾಯಿತು, ಮುಂದೆ ಸಂಜ್ಞೆ ಬರೆಯಲು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ರೂಪುಗೊಂಡ ಲಿಪಿಯಂಥವಕ್ಕೆ ತಳಹದಿಯಾಯಿತು.

ತರಗತಿ ಏಕೆ ತಕ್ಷಣ ಬದಲಾಗಲಿಲ್ಲ

1960ರ ಪುಸ್ತಕಕ್ಕೆ ಸಹೋದ್ಯೋಗಿಗಳಿಂದ ಬಂದದ್ದು ಹೆಚ್ಚಾಗಿ ವಿರೋಧ. ಇಂಗ್ಲಿಷ್ ಕಲಿಸಲು ಬಂದವರು ಇಂಗ್ಲಿಷನ್ನೇ ಕೆಡಿಸುತ್ತಾರೆ ಎಂಬ ಆತಂಕ ಅದರ ಹಿಂದಿತ್ತು. ಆ ಆತಂಕ ಪ್ರಾಮಾಣಿಕವಾದದ್ದೇ. ವಿದ್ಯಾರ್ಥಿಗಳ ಬರವಣಿಗೆಯ ಇಂಗ್ಲಿಷ್ ದುರ್ಬಲವಾಗಿತ್ತು, ಕೆಲಸ ಸಿಗುವುದು ಇಂಗ್ಲಿಷಿನಿಂದ.

1970ರ ದಶಕದಲ್ಲಿ ಅಮೆರಿಕದ ಶಾಲೆಗಳು ಸಂಜ್ಞೆಗೆ ಬಾಗಿಲು ತೆರೆದಾಗಲೂ ಒಳಗೆ ಬಂದದ್ದು ಇಂಗ್ಲಿಷಿನ ಅಚ್ಚಿಗೆ ಹೊಯ್ದ ಸಂಜ್ಞೆ. ಇಂಗ್ಲಿಷಿನ ಕಾಲಸೂಚಕ, ಬಹುವಚನ ಪ್ರತ್ಯಯಗಳಿಗೂ ಕೃತಕ ಸಂಜ್ಞೆ ಕಟ್ಟಿ, ಬಾಯಿ–ಕೈ ಒಟ್ಟಿಗೆ ಆಡಿಸಿದರು. ಮೇಲೆ ಹೇಳಿದ ಸಮಯದ ಲೆಕ್ಕ ಇಲ್ಲಿ ಇನ್ನೂ ಜೋರಾಗಿ ಕೆಲಸ ಮಾಡಿತು. 1989ರಲ್ಲಿ ಗ್ಯಾಲಡೆಟ್‌ನವರೇ ಆದ ರಾಬರ್ಟ್ ಜಾನ್ಸನ್, ಲಿಡಲ್ ಮತ್ತು ಕ್ಯಾರಲ್ ಅರ್ಟಿಂಗ್, ಪಾಠ ಸಂಜ್ಞಾ ಭಾಷೆಯಲ್ಲಿ ನಡೆಯಲಿ, ಇಂಗ್ಲಿಷನ್ನು ಓದು ಬರಹದ ಮೂಲಕ ಎರಡನೆಯ ಭಾಷೆಯಾಗಿ ಕಲಿಸಲಿ ಎಂದು ಬಿಡಿಸಿ ಬರೆದರು. 1960ರಿಂದ 1989ಕ್ಕೆ 29 ವರ್ಷ.

ತಡವಾದದ್ದಕ್ಕೆ ಮುಖ್ಯ ಕಾರಣ ವಾದದ ಕೊರತೆ ಅಲ್ಲ, ಅಧ್ಯಾಪಕರ ಕೈ. ಸಂಜ್ಞಾ ಭಾಷೆಯಲ್ಲಿ ಅರ್ಥಶಾಸ್ತ್ರವನ್ನೋ ಇತಿಹಾಸವನ್ನೋ ಒಂದು ಗಂಟೆ ಪಾಠ ಮಾಡಬಲ್ಲವರು ಬೇಕು. ಅವರು ಸ್ನಾತಕೋತ್ತರ ಓದಿದ ಕಿವುಡರೇ ಆಗಬೇಕು, ಇಲ್ಲವೇ ವರ್ಷಗಟ್ಟಲೆ ಆ ಭಾಷೆ ಕಲಿತವರಾಗಬೇಕು. ಕಿವುಡರು ಬೇರೆ ವಿಶ್ವವಿದ್ಯಾಲಯಗಳಿಗೆ ಹೋಗಿ ಓದಲು ದುಭಾಷಿಗಳು ಬೇಕು. ಅಮೆರಿಕದಲ್ಲಿ ಸಂಜ್ಞಾ ದುಭಾಷಿಗಳ ವೃತ್ತಿಸಂಘ ಹುಟ್ಟಿದ್ದೇ 1964ರಲ್ಲಿ. ಸರ್ಕಾರಿ ಹಣ ಪಡೆಯುವ ಸಂಸ್ಥೆಗಳು ಅಂಗವಿಕಲರನ್ನು ಹೊರಗಿಡುವಂತಿಲ್ಲ ಎಂಬ ಕಾನೂನು 1973ರದ್ದು, ಅದರ ನಿಯಮಾವಳಿ ಬಂದದ್ದು 1977ರಲ್ಲಿ. ಅದಾದ ಮೇಲೆಯೇ ಕಿವುಡರು ದೊಡ್ಡ ಸಂಖ್ಯೆಯಲ್ಲಿ ಎಂ.ಎ., ಪಿಎಚ್.ಡಿ.ಗೆ ಹೋಗತೊಡಗಿದರು. ಕಿವುಡರಾದ ಕ್ಯಾರಲ್ ಪ್ಯಾಡೆನ್ 1983ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದಿಂದ ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು. ಸ್ಟೋಕಿ 1971ರಲ್ಲಿ ಗ್ಯಾಲಡೆಟ್‌ನಲ್ಲಿ ತೆರೆದ ಭಾಷಾವಿಜ್ಞಾನ ಪ್ರಯೋಗಾಲಯವನ್ನು ಕಾಲೇಜು 1984ರಲ್ಲಿ ಮುಚ್ಚಿತು. 1988ರ ಮಾರ್ಚ್‌ನಲ್ಲಿ ಕಿವುಡರೇ ಅಧ್ಯಕ್ಷರಾಗಬೇಕೆಂದು ವಿದ್ಯಾರ್ಥಿಗಳು ಆವರಣ ಬಂದ್ ಮಾಡಿ, ಐ. ಕಿಂಗ್ ಜೋರ್ಡನ್ ಸಂಸ್ಥೆಯ ಮೊದಲ ಕಿವುಡ ಅಧ್ಯಕ್ಷರಾದರು.

ಬೆಂಗಳೂರಿಗೆ ಬಂದ ಎಳೆ

ಆ ಪ್ರಯೋಗಾಲಯದ ವಲಯದಲ್ಲಿದ್ದ ಭಾಷಾವಿಜ್ಞಾನಿ ಜೇಮ್ಸ್ ವುಡ್‌ವರ್ಡ್ ಮತ್ತು ಭಾರತದಿಂದ ಗ್ಯಾಲಡೆಟ್‌ಗೆ ಓದಲು ಹೋದ ಕಿವುಡ ವಿದ್ವಾಂಸ ಮದನ್ ವಸಿಷ್ಠ 1970ರ ದಶಕದ ಕೊನೆಯಲ್ಲಿ ಸಹೋದ್ಯೋಗಿಗಳೊಂದಿಗೆ ದೆಹಲಿ, ಕಲ್ಕತ್ತ, ಬೊಂಬಾಯಿ, ಬೆಂಗಳೂರುಗಳ ಕಿವುಡರ ಸಂಜ್ಞೆಗಳನ್ನು ದಾಖಲಿಸಿ ಹೋಲಿಸಿದರು. ನಾಲ್ಕು ಊರುಗಳ ಸಂಜ್ಞೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಂದಕ್ಕೊಂದು ಸಂಬಂಧಿಸಿದವು ಎಂದು ಕಂಡಿತು. ಮಾತಿನ ಭಾಷೆಗಳು ಬೇರೆ ಬೇರೆ ಕುಟುಂಬದವಾದರೂ ಕೈಯ ಭಾಷೆ ಒಂದೇ, ಪ್ರಾದೇಶಿಕ ಭೇದಗಳೊಂದಿಗೆ. ಬೆಂಗಳೂರಿನ ಭೇದದ ಬಗ್ಗೆ ಪ್ರತ್ಯೇಕ ಪರಿಚಯ ಪುಸ್ತಕ 1985ರಲ್ಲಿ ಗ್ಯಾಲಡೆಟ್‌ನಿಂದಲೇ ಪ್ರಕಟವಾಯಿತು. ಕನ್ನಡ ನಾಡಿನ ಶಿಕ್ಷಣ ಕಾಲೇಜುಗಳಲ್ಲಿ ಇದರ ಚರ್ಚೆ ಇಷ್ಟು ಕಡಿಮೆಯಾಗಿರುವುದು ನೋವಿನ ಸಂಗತಿ.

ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೊ ನಿಘಂಟು 2018ರಲ್ಲಿ 3,000 ಪದಗಳೊಂದಿಗೆ ಆರಂಭವಾಗಿ 2021ಕ್ಕೆ 10,000 ಮುಟ್ಟಿತು. ಬಹಳ ಉಪಯುಕ್ತ ಕೆಲಸ. 2022ರಲ್ಲಿ ಬಂದ ಅದರ ಆ್ಯಪ್‌ನಲ್ಲಿ ಆಗ ಪದ ಹುಡುಕಬೇಕಾಗಿದ್ದದ್ದು ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಪದದಿಂದ ಹೊರಡದೆ ಕಂಡ ಸಂಜ್ಞೆಯಿಂದ ಹೊರಟ ವಿದ್ಯಾರ್ಥಿ ಅಲ್ಲಿಗೆ ತಲುಪುವುದು ಕಷ್ಟವಾಗಿತ್ತು. 1965ರಲ್ಲಿ ಬಗೆಹರಿಸಿದ ಸಮಸ್ಯೆ ಇದು. ಕೈಯಾಕಾರ ಮತ್ತು ಜಾಗದಿಂದ ಹುಡುಕುವ ಸೂಚಿಯನ್ನು ವಿಡಿಯೊ ನಿಘಂಟಿಗೆ ಜೋಡಿಸುವುದು ಒಂದು ಎಂ.ಎ. ಪ್ರಬಂಧಕ್ಕೆ ಒಳ್ಳೆಯ ವಿಷಯ.

ಪದವಿ ತರಗತಿಯಲ್ಲಿ ಕಿವುಡ ವಿದ್ಯಾರ್ಥಿಗಳಿದ್ದರೆ ನಾಳೆಯಿಂದಲೇ ಮಾಡಬಹುದಾದದ್ದೂ ಈ ಪ್ರಕರಣದಲ್ಲಿದೆ. ಬಾಯಿ–ಕೈ ಒಟ್ಟಿಗೆ ಆಡಿಸುವುದನ್ನು ಮೊದಲು ಬಿಡಬೇಕು. ಮಾತು ಅಧ್ಯಾಪಕರದ್ದು, ಸಂಜ್ಞೆ ದುಭಾಷಿಯದ್ದು. ದುಭಾಷಿ ನಿಲ್ಲಬೇಕಾದದ್ದು ಬೋರ್ಡಿನ ಪಕ್ಕದಲ್ಲಿ, ಹಿಂದೆ ಕಿಟಕಿಯ ಬೆಳಕು ಬೀಳದ ಕಡೆ. ಬೆಳಕು ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ, ಪ್ರಶ್ನೆಯೋ ಹೇಳಿಕೆಯೋ ಹುಬ್ಬಿನಿಂದ ತಿಳಿಯುವುದಿಲ್ಲ. ಬೋರ್ಡಿನ ಮೇಲೆ ಬರೆಯುತ್ತ ಮಾತಾಡಬಾರದು, ವಿದ್ಯಾರ್ಥಿಗೆ ಇರುವುದು ಒಂದೇ ಜೊತೆ ಕಣ್ಣು. ಬರೆದು, ನಿಲ್ಲಿಸಿ, ಓದಲು ಬಿಟ್ಟು, ನಂತರ ವಿವರಿಸಬೇಕು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಬೇರೆಯವರನ್ನು ಎಬ್ಬಿಸುವ ಮುನ್ನ ಕೆಲವು ಸೆಕೆಂಡ್ ಕಾಯಬೇಕು. ದುಭಾಷಿಯ ಕೈ ವಾಕ್ಯ ಮುಗಿದ ಮೇಲೆಯೇ ಮುಗಿಯುವುದು.

ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು ಪಾರಿಭಾಷಿಕ ಪದ. ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ಕ್ಕೆ ಸಂಜ್ಞೆ ಗೊತ್ತಿಲ್ಲದಿದ್ದರೆ ದುಭಾಷಿ ಬೆರಳಕ್ಷರಕ್ಕೆ ಇಳಿಯುತ್ತಾರೆ, ಪಾಠ ಅಲ್ಲಿಗೆ ಹಿಂದೆ ಬೀಳುತ್ತದೆ. ಆಯಾ ವಾರದ ಪದಗಳ ಪಟ್ಟಿಯನ್ನು ಮೊದಲೇ ಕೊಟ್ಟು, ಕಿವುಡ ವಿದ್ಯಾರ್ಥಿಗಳೂ ದುಭಾಷಿಯೂ ಕೂತು ಸಂಜ್ಞೆ ನಿಶ್ಚಯಿಸಲಿ. ಮೊದಲು ದೆಹಲಿಯ ನಿಘಂಟಿನಲ್ಲಿ ಇದೆಯೇ ನೋಡಲಿ, ಇಲ್ಲದಿದ್ದರೆ ವಿದ್ಯಾರ್ಥಿಗಳೇ ಒಪ್ಪಿಕೊಂಡ ಸಂಜ್ಞೆ ಬಳಸಲಿ. ಅಧ್ಯಾಪಕರು ತಾವೇ ಸಂಜ್ಞೆ ಸೃಷ್ಟಿಸಲು ಹೋಗಬಾರದು. ನಿಶ್ಚಯವಾದದ್ದನ್ನು ಫೋನಿನಲ್ಲಿ ಎದುರಿನಿಂದ, ಸೊಂಟದಿಂದ ತಲೆಯವರೆಗೆ ಚೌಕಟ್ಟಿಗೆ ಬರುವಂತೆ, ಒಂದೇ ಬಣ್ಣದ ಬಟ್ಟೆಯ ಹಿನ್ನೆಲೆಯಲ್ಲಿ ಚಿತ್ರೀಕರಿಸಿ, ಕಡತದ ಹೆಸರಿನಲ್ಲಿ ಕನ್ನಡ ಪದ, ಕೈಯಾಕಾರ, ಜಾಗ ಮೂರನ್ನೂ ಬರೆದಿಡಬೇಕು. ಮರುವರ್ಷ ಹೊಸ ದುಭಾಷಿ ಬಂದಾಗ ಅವರು ಮೊದಲು ನೋಡಬೇಕಾದದ್ದು ಈ ಕಡತಗಳನ್ನು.